ಪರದೇಶದ ರಾಹುಕಾಲ

ಭಾನುವಾರ ಬೆಳಗ್ಗೆ ಹಾಲು ಕಾಯಲು ಇಟ್ಟು ಫೋನು ಕೈಗೆತ್ತಿಕೊಂಡ ರಮ್ಯಶ್ರೀಗೆ ಮೊದಲು ಕಂಡದ್ದು ಚೈತ್ರಳ ಮುಖ. ಮುಖಕ್ಕಿಂತ ಮುಂಚೆ ಆ ಮುಖದ ಮೇಲೆ ಬಿದ್ದಿದ್ದ ಬಿಸಿಲು. ಜ್ಞಾನಭಾರತಿಯಲ್ಲಿ ಎರಡು ವರ್ಷ ಪಕ್ಕದಲ್ಲೇ ಕೂತು ಭೂಗೋಳದ ಎಂ.ಎ. ಓದಿದ ಚೈತ್ರ ಈಗ ಮ್ಯೂನಿಕ್ಕಿನಲ್ಲಿ ಮತ್ತೇನೋ ಓದುತ್ತಿದ್ದಳು. 'ರಾತ್ರಿ ಊಟಕ್ಕೆ ಕೂತಿದೀನಿ ಕಣೇ, ಬಿಸಿಲು ಕಣ್ಣಿಗೆ ಹೊಡೀತಿದೆ ನೋಡು. ಏಪ್ರಿಲ್ಲಲ್ಲೇ ಹಿಂಗೆ, ಜೂನಲ್ಲಿ ಸೂರ್ಯ ಮುಳುಗೋದೇ ಇಲ್ವೇನೋ' ಎಂದು ಚಿತ್ರದ ಕೆಳಗೆ ಬರೆದಿದ್ದಳು. ರಮ್ಯಶ್ರೀ ನಕ್ಕು, ಒಂದು ನಗುಮುಖ ಒತ್ತಿ, ಫೋನು ಕೆಳಗಿಟ್ಟಳು. ಆಮೇಲೆ ಕಣ್ಣು ತಾನಾಗಿ ಗೋಡೆಯ ಕ್ಯಾಲೆಂಡರಿನ ಕಡೆಗೆ ಹೋಗಿ ಅಲ್ಲೇ ನಿಂತಿತು. ಕ್ಯಾಲೆಂಡರಿನ ಮೂಲೆಯಲ್ಲಿ ಸಣ್ಣ ಅಕ್ಷರದ ಒಂದು ಚೌಕ. ಅಮ್ಮ, ದೊಡ್ಡಮ್ಮ, ಇಡೀ ಮನೆ ಬಾಯಿಪಾಠ ಮಾಡಿಕೊಂಡಿದ್ದ ರಾಹುಕಾಲದ ಹೊತ್ತುಗಳು. ಸೋಮವಾರ ಏಳೂವರೆಯಿಂದ, ಶನಿವಾರ ಒಂಬತ್ತರಿಂದ, ಗುರುವಾರ ಒಂದೂವರೆಯಿಂದ ಮೂರರ ತನಕ. ಮೂರು ವಾರಗಳಿಂದ, ದೊಡ್ಡಪ್ಪ ದೊಡ್ಡಮ್ಮನ ಪ್ರವಾಸಕ್ಕೆಂದು, ಅವಳು ಇಡೀ ಯೂರೋಪನ್ನು ಕತ್ತರಿಸಿ ಹೊಲಿದದ್ದು ಆ ಚೌಕದ ಅಳತೆಗೆ. ಆ ಚೌಕ ಇಲ್ಲಿನ ಸೂರ್ಯನದು. ಹಾಲು ಉಕ್ಕಿ ಒಲೆಯ ಮೇಲೆ ಸುಯ್ ಎಂದಿತು.

'ಎಲ್ಲಿಟ್ಟಿದೀಯ ಪ್ರಜ್ಞೆನ?' ಎಂದು ಅಮ್ಮ ಬಚ್ಚಲ ಕಡೆಯಿಂದ ಕೂಗಿದಳು. ಪ್ರಜ್ಞೆ ಜ್ಯೂರಿಕ್ಕಿನ ರೈಲು ನಿಲ್ದಾಣದಲ್ಲಿತ್ತು. ಗುರುವಾರ, ಮಧ್ಯಾಹ್ನ ಮೂರು ನಲವತ್ತರ ರೈಲು. ಮೂರಕ್ಕೆ ರಾಹುಕಾಲ ಕಳೆದಿರುತ್ತದೆ, ನೆಮ್ಮದಿಯಾಗಿ ಹತ್ತಬಹುದು ಎಂದು ಆರಿಸಿದ್ದ ರೈಲು.

ಕೆಳಗಿನ ಮನೆಯ ದೊಡ್ಡಪ್ಪ ಯೋಗಾನಂದ ಯೂರೋಪಿಗೆ ಹೋಗಬೇಕೆಂದು ಹಟ ಹಿಡಿದದ್ದು ಎದುರು ಮನೆಯ ಕೃಷ್ಣಯ್ಯನವರಿಂದ. ಕೃಷ್ಣಯ್ಯ ಹೆಂಡತಿಯೊಡನೆ ಒಂಬತ್ತು ದೇಶ ನೋಡಿ ಬಂದು, ಮಲ್ಲತ್ತಹಳ್ಳಿ ಕೆರೆಯ ಸುತ್ತ ದಿನಾ ಬೆಳಗ್ಗೆ ನಡೆಯುವಾಗ ಒಂದೊಂದು ಸುತ್ತಿಗೆ ಒಂದೊಂದು ದೇಶ ಹೇಳುತ್ತಿದ್ದರು. ಇಬ್ಬರ ಅಪ್ಪಂದಿರೂ ಒಂದೇ ಗದ್ದೆಬಯಲಿನಲ್ಲಿ ರಾಗಿ ಭತ್ತ ಬೆಳೆದವರು. ಬಯಲು ಸೈಟುಗಳಾದ ಮೇಲೆ ಮಕ್ಕಳಿಗೆ ಪೈಪೋಟಿ ನಡೆಸಲು ಹೊಸ ಬೆಳೆ ಬೇಕಿತ್ತು. 'ಅವನು ಒಂಬತ್ತಾ? ನಾವು ಹತ್ತು' ಎಂದು ದೊಡ್ಡಪ್ಪ ಘೋಷಿಸಿದ್ದರು. ಆದರೆ ಹೊತ್ತು ಸಣ್ಣದು. ಮಳೆ ಹಿಡಿದು ದೊಡ್ಡಪ್ಪನ ಸಿಮೆಂಟಿನ ವ್ಯಾಪಾರ ಮಂಕಾಗುವ ಜೂನಿನಲ್ಲಿ ಹೊರಟು, ಆಷಾಢ ಹುಟ್ಟುವುದರೊಳಗೆ ಮನೆ ಸೇರಬೇಕು. ಎರಡು ವಾರ ತುಂಬಿದರೆ ಹೆಚ್ಚು. ದೊಡ್ಡಪ್ಪನ ಮಗ ಗೌತಮ್ ತನ್ನ ಗೆಳೆಯ ಬಸವಕಿರಣ್‌ನನ್ನು ಕರೆತಂದ. ಹುಬ್ಬಳ್ಳಿ ಕಡೆಯ ಹುಡುಗ, ವಿಜಯನಗರದಲ್ಲಿ ಟೂರ್ಸ್ ಆಫೀಸು ತೆಗೆದಿದ್ದ. 'ಹನ್ನೆರಡು ದೇಶ ರೀ ಅಂಕಲ್, ಎಲ್ಲಾ ಏಸಿ ಬಸ್ಸು, ದಿನಾ ಎಂಟಕ್ಕ ಬಿಡೋದು' ಎಂದು ಬಣ್ಣದ ಕಾಗದ ಹರಡಿದ. ಬಾಗಿಲಿಗೆ ಒರಗಿ ನಿಂತಿದ್ದ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದ್ದರು.

'ಸೋಮವಾರಾನೂ ಎಂಟಕ್ಕೇನಾ?'

'ಸೋಮವಾರನೂ ಎಂಟಕ್ಕ ರೀ ಆಂಟಿ.'

'ಹಂಗಾದ್ರೆ ನೀವು ಹೋಗ್ಬಿಟ್ಟು ಬನ್ನಿ. ನಾನು ಬರಲ್ಲ.'

ಗೌತಮ್ ಹಣೆ ಬಡಿದುಕೊಂಡ. 'ಅಮ್ಮಾ, ರಾಹುಗೆ ವೀಸಾ ಕೊಡೋರು ಯಾರಮ್ಮಾ? ಅವನು ನಾಯಂಡಹಳ್ಳಿ ದಾಟಲ್ಲ!' ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕರು. ಆದರೆ ಮಾತು ಹಿಂದೆಗೆದುಕೊಳ್ಳಲಿಲ್ಲ. ಈ ಗೌತಮನನ್ನೇ ಹೆರಲು ಆಸ್ಪತ್ರೆಗೆ ಹೊರಟಾಗ, ಆಟೋ ಬಂದು ನಿಂತಿದ್ದರೂ, ರಾಹುಕಾಲ ಕಳೆಯಲೆಂದು ಹೊಸಿಲ ಒಳಗೇ ಹಲ್ಲು ಕಚ್ಚಿ ನಿಂತಿದ್ದ ಹೆಂಗಸು ಅದು. ಆಗ ದೊಡ್ಡಪ್ಪ ತಲೆಯೆತ್ತಿ, ಕರೆಂಟು ಬಿಲ್ಲು ಕಟ್ಟಬೇಕಾದಾಗ, ಖಾತೆಯ ಅರ್ಜಿ ತುಂಬಬೇಕಾದಾಗ ಹೇಳುವ ಅದೇ ಮಾತು ಹೇಳಿದ್ದರು: 'ನಮ್ಮ ರಮ್ಯಂಗೆ ಹೇಳಿ, ಅವಳು ಮಾಡ್ಕೊಡ್ತಾಳೆ.' ಅವಳು ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಳು. ಆ ದಿನ ಡೈರಿಯಲ್ಲಿ ಆ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಬರೆದರೆ ಆ ಖುಷಿ ಎಲ್ಲಿ ಕರಗಿಹೋಗುವುದೋ ಎಂಬ ಭಯ.

ಅವಳಿಗೆ ರಾಹುವಿನಲ್ಲಿ ನಂಬಿಕೆಯಿರಲಿಲ್ಲ. ಆದರೆ ನಂಬದವಳಿಗೂ ಆ ಕಟ್ಟುಪಾಡು ಚಂದದ ಬೀಗದಂತೆ ಕಂಡಿತು. ಕೀಲಿ ಮಾಡುವ ಹುಮ್ಮಸ್ಸು ಬಂತು. ಒಂದು ಸಂಜೆ ಕೆಳಗಿಳಿದು, 'ದೊಡ್ಡಮ್ಮಾ, ಹೋಟೆಲ್ ಬಾಗಿಲು ದಾಟೋ ಹೊತ್ತು ಲೆಕ್ಕಾನಾ, ರೈಲು ಹೊರಡೋ ಹೊತ್ತಾ?' ಎಂದು ಕೇಳಿದ್ದಳು. ಯಾರೂ ತಮ್ಮನ್ನು ಹಾಗೆ ಗಂಭೀರವಾಗಿ ಕೇಳಿದ್ದಿಲ್ಲವೆಂಬಂತೆ ದೊಡ್ಡಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಉತ್ತರ ಹೇಳಲು ಮರುದಿನದವರೆಗೆ ಸಮಯ ತೆಗೆದುಕೊಂಡಿದ್ದರು. 'ಊರು ಬಿಡೋದು ಅಂದ್ರೆ ಚಕ್ರ ಕದಲೋದು ಕಣಮ್ಮ. ಊರೊಳಗೆ ಸುತ್ತಾಡೋಕೆ ಯಾವ ಕಾಲ ಆದರೇನು.' ಅಲ್ಲಿಂದ ರಮ್ಯಶ್ರೀಯ ದಿನಗಳೆಲ್ಲ ಚಕ್ರ ಕದಲುವ ಹೊತ್ತುಗಳಾದವು. ಹಾಲೆಂಡಿನಲ್ಲಿ ಇಳಿದು ಬೆಲ್ಜಿಯಂ, ಪ್ಯಾರಿಸ್, ಜ್ಯೂರಿಕ್. ಜ್ಯೂರಿಕ್ಕಿನಿಂದ ಬೆಳಗ್ಗೆ ಹೋಗಿ ಬರುವ ಲೀಕ್ಟೆನ್‌ಸ್ಟೈನ್, ಒಂದು ಹೋಬಳಿಯಷ್ಟಿರುವ ದೇಶ. ಅದೇ ಮಧ್ಯಾಹ್ನ ವಿಯೆನ್ನಾದ ರೈಲು. ಆಮೇಲೆ ಬ್ರಾಟಿಸ್ಲಾವ, ಬುಡಾಪೆಸ್ಟ್, ಪ್ರಾಗ್, ಕೊನೆಗೆ ಬರ್ಲಿನ್. ಯಾವ ನಿಲ್ದಾಣದಲ್ಲಿ ಎಸ್ಕಲೇಟರ್ ಎಲ್ಲಿದೆ, ಮಂಡಿ ನೋವಿನ ದೊಡ್ಡಮ್ಮನಿಗೆ ಲಿಫ್ಟು ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಯಾರೋ ಅಪರಿಚಿತರು ಹಾಕಿದ ವೀಡಿಯೊಗಳಲ್ಲಿ ನೋಡಿ ನೋಡಿ, ಅವಳು ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ನಡೆಯುತ್ತಿರುವಾಗಲೂ ಅವಳ ಕಾಲು ವಿಯೆನ್ನಾದ ನಯವಾದ ನೆಲದ ಮೇಲಿರುತ್ತಿತ್ತು. ಹತ್ತು ದೇಶ, ಒಂದೂ ರಾಹುಕಾಲವಿಲ್ಲ. ಇದನ್ನು ಇನ್ನು ಯಾರಿಂದ ಮಾಡಲಾದೀತು ಎಂದು ಒಬ್ಬಳೇ ಇದ್ದಾಗ ಕನ್ನಡಿಯಲ್ಲಿ ಹುಬ್ಬು ಹಾರಿಸಿಕೊಂಡಿದ್ದಳು.

ಈಗ ಕೆರೆಯ ಏರಿಯ ಮೇಲೆ ಅವಳು ಬೇಕೆಂದೇ ನಿಧಾನ ನಡೆದಳು. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕೂತು ನೋಡುವುದು, ಒಪ್ಪಿಗೆಯಾದರೆ ಟಿಕೆಟ್ಟು ತೆಗೆಯುವುದು ಎಂದು ಗೊತ್ತಾಗಿತ್ತು. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲೊಂದು ರಾಹುವಿಗೆ: ಅಷ್ಟೇ ಲೆಕ್ಕ. ಇಲ್ಲಿ ಹಗಲೆಂದರೆ ಆರರಿಂದ ಆರು, ಒಂದು ಪಾಲು ಒಂದೂವರೆ ಗಂಟೆ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹಿಗ್ಗುತ್ತದೆ, ಪಾಲುಗಳು ಹಿಗ್ಗಿ ಒಂದನ್ನೊಂದು ಮುಂದೆ ತಳ್ಳುತ್ತವೆ. ಗುರುವಾರ ಇಲ್ಲಿ ಮೂರಕ್ಕೆ ಕಳೆದುಹೋಗುವ ರಾಹುಕಾಲ ಜ್ಯೂರಿಕ್ಕಿನಲ್ಲಿ ಮೂರು ದಾಟಿದ ಮೇಲೆ ಹುಟ್ಟುತ್ತದೆ. ಅವಳು ಆರಿಸಿದ ರೈಲು ಅದರ ಬಾಯೊಳಗೇ ಹೊರಡುತ್ತದೆ. ಇದು ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿದಿರಬೇಕಿತ್ತು. ಹೋದ ವರ್ಷ ಕೆಂಗೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಡೆಮೊ ಪಾಠ ಮಾಡಲು ಹೋದಾಗ ಅವಳು ಆರಿಸಿಕೊಂಡ ವಿಷಯವೇ ಭೂಮಿಯ ವಾಲಿದ ಅಚ್ಚು, ಹಗಲು ರಾತ್ರಿಗಳ ಹೆಚ್ಚುಕಮ್ಮಿ. ಬೋರ್ಡಿನ ಮೇಲೆ ಗುಂಡಗೆ ಭೂಮಿ ಬರೆದು, ವಾರೆಯಾಗಿ ಒಂದು ಗೆರೆ ಎಳೆದು, ಆ ಗೆರೆಯ ಕಡೆಗೇ ಮುಖ ಮಾಡಿ ಗೆರೆಗೇ ಪಾಠ ಹೇಳಿದ್ದಳು. ಹಿಂದಿನ ಬೆಂಚಿನಿಂದ ಯಾರೋ 'ಮೇಡಂ, ಸೌಂಡೇ ಬರ್ತಿಲ್ಲ' ಎಂದಿದ್ದ. ನಗುವಿನ ಅಲೆ ಮುಂದಿನ ಬೆಂಚಿನವರೆಗೂ ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಪ್ರಾಂಶುಪಾಲರು ಕಿಟಕಿಯಾಚೆ ನೋಡಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಗೆರೆ ಎಳೆದ ಕೈ, ಅಡಿಗೆಮನೆಯ ಕ್ಯಾಲೆಂಡರು ನೋಡಿ ಆಲ್ಪ್ಸ್ ಪರ್ವತಕ್ಕೆ ರಾಹುಕಾಲ ಹಾಕಿದೆ. ಈ ತಪ್ಪು ಈ ಮನೆಯಲ್ಲಿ ಹುಟ್ಟಿ, ಈ ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತ ಬೆಳೆದವಳು ಮಾತ್ರ ಮಾಡಬಹುದಾದ ತಪ್ಪು.

ಸುಮ್ಮನಿದ್ದರೆ? ಕೆರೆಯ ನೀರಿನ ಮೇಲೆ ಒಂದು ನೀರುಕಾಗೆ ಮುಳುಗಿ ಎಲ್ಲೋ ಎದ್ದಿತು. ದೊಡ್ಡಮ್ಮ ಅದೇ ಕ್ಯಾಲೆಂಡರು ನೋಡುತ್ತಾರೆ, ಮೂರು ಕಳೆಯಿತು ಎಂದು ಸಮಾಧಾನದಿಂದ ರೈಲು ಹತ್ತುತ್ತಾರೆ. ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲವೆಂದು ರಮ್ಯಶ್ರೀಗೆ ಖಾತ್ರಿಯಿತ್ತು. ಆ ಖಾತ್ರಿಯೇ ಅವಳನ್ನು ಇರಿಯಿತು. ನಂಬದವಳು ನಂಬುವವಳಿಗೆ ತೂಕದಲ್ಲಿ ಮೋಸ ಮಾಡಿದ ಹಾಗೆ. ಹೇಳಿದರೆ ಆ ರೈಲು ಬಿಡಬೇಕು, ಹತ್ತು ದೇಶ ಒಂಬತ್ತಾದೀತು, ಕೃಷ್ಣಯ್ಯನವರಿಗೆ ಸಮ. ದೊಡ್ಡಪ್ಪನಿಗೆ ಅದು ಸೋಲಿಗಿಂತ ಕಡೆ. ಗೌತಮ್ ಬಸವಕಿರಣ್‌ನ ಬಸ್ಸನ್ನು ಮತ್ತೆ ಬಾಗಿಲಿಗೆ ತಂದು ನಿಲ್ಲಿಸುತ್ತಾನೆ. ದೊಡ್ಡಮ್ಮ ಮನೆಯಲ್ಲೇ ಉಳಿಯುತ್ತಾರೆ. ಮೂರು ವಾರದ ಅವಳ ರೈಲುಗಳೆಲ್ಲ, ಹತ್ತುವ ಜನರಿಲ್ಲದೆ, ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತವೆ. ಎದುರಿಗೆ ಕೈ ಬೀಸಿಕೊಂಡು ಬರುತ್ತಿದ್ದ ಕೃಷ್ಣಯ್ಯ, 'ಏನಮ್ಮಾ, ನಿಮ್ಮ ದೊಡ್ಡಪ್ಪಂದು ಎಷ್ಟಕ್ಕೆ ಬಂತು?' ಎಂದರು. ಅವಳು ಎಂದಿನಂತೆ ನೆಲ ನೋಡಿ ನಕ್ಕು ಪಕ್ಕಕ್ಕೆ ಸರಿದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊದಲಿಂದ ಮಾಡಿದಳು. ಊರೂರಿನ ಸೂರ್ಯೋದಯ, ಸೂರ್ಯಾಸ್ತ, ಎಂಟು ಪಾಲು. ಎಲ್ಲ ಊರುಗಳೂ ಅಲ್ಪಸ್ವಲ್ಪ ಅತ್ತಿತ್ತ ಸರಿದು ಒಪ್ಪಿಕೊಂಡವು; ಗುರುವಾರ ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನದ ರೈಲು ಬಿಟ್ಟರೆ ಮುಂದಿನದು ವಿಯೆನ್ನಾ ಸೇರುವುದು ನಡುರಾತ್ರಿ ಕಳೆದು. ಬೆಳಗಿನ ರೈಲು ಹಿಡಿಯಬೇಕು. ಬೆಳಗಿನ ರೈಲು ಹಿಡಿದರೆ ಲೀಕ್ಟೆನ್‌ಸ್ಟೈನ್ ಇಲ್ಲ. ಅವಳು ಆ ದೇಶವನ್ನು ಅಳಿಸಿದಳು. ಒಂದು ರಾಜ್ಯವನ್ನು ಕೈಬಿಟ್ಟ ರಾಣಿಯ ಹಾಗೆ ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡಿ ಕೂತಳು. ಕೆಳಗಿನಿಂದ ನಾಟಿಕೋಳಿ ಸಾರಿನ ವಾಸನೆ ಬರುತ್ತಿತ್ತು.

ಊಟವಾಗಿ ಎಲ್ಲರೂ ನಡುಮನೆಯಲ್ಲಿ ಹರಡಿಕೊಂಡಾಗ ಬಸವಕಿರಣ್ ಕೂಡ ಇದ್ದ. ಗೌತಮ್ ಕೋಳಿಯ ನೆಪದಲ್ಲಿ ಕರೆದಿದ್ದ. ದೊಡ್ಡಪ್ಪ ದಿವಾನಿನ ಮೇಲೆ ಎಲೆಅಡಿಕೆ ಮೆಲ್ಲುತ್ತ, 'ಎಲ್ಲಮ್ಮಾ, ನಿನ್ನ ಹತ್ತು ದೇಶ? ತೋರ್ಸು' ಎಂದರು. ರಮ್ಯಶ್ರೀ ಟಿ.ವಿ.ಗೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದಳು. ನಕ್ಷೆ ಗೋಡೆಯಷ್ಟಗಲ ಬಂತು. ಹೇಳುವುದನ್ನು ಕೊನೆಗೆ ಇಟ್ಟುಕೊಂಡರೆ ಬಾಯಿಗೇ ಬರಲಾರದೆಂದು ಹೆದರಿ ಮೊದಲಿಗೇ ಹೇಳಿಬಿಟ್ಟಳು.

'ಹತ್ತು ಆಗಲ್ಲ ದೊಡ್ಡಪ್ಪ. ಒಂಬತ್ತು.'

ಮೆಲ್ಲುತ್ತಿದ್ದ ದವಡೆ ನಿಂತಿತು. 'ಮೊನ್ನೆ ಹತ್ತು ಅಂದಿದ್ದೆ?'

'ನಾನು ನಮ್ಮ ಕ್ಯಾಲೆಂಡರ್ ನೋಡ್ಕೊಂಡು ಹಾಕಿದ್ದೆ. ಅಲ್ಲಿ ಹಗಲು ಉದ್ದ. ರಾಹುಕಾಲ ಬೇರೆ ಹೊತ್ತಿಗೆ ಬರುತ್ತೆ. ಗುರುವಾರದ ರೈಲು ಅದರೊಳಗೇ ಹೊರಡ್ತಿತ್ತು.'

ಗೌತಮ್ ಸೋಫಾದಿಂದ ಜಾರಿ ನೆಲಕ್ಕೆ ಬೀಳುವಂತೆ ನಕ್ಕ. 'ಮಗಾ, ಕೇಳಿಸ್ಕೊಂಡ್ಯಾ? ರಾಹು ಅಲ್ಲಿಗೂ ಹೋದ, ಅದೂ ಲೋಕಲ್ ಟೈಮಿಗೆ ವಾಚ್ ತಿರುಗಿಸ್ಕೊಂಡು! ಅಲ್ಲ ರಮ್ಯಾ, ಇದು ಯಾರಿಗೆ ಗೊತ್ತಾಗ್ತಿತ್ತು? ಸುಮ್ನೆ ಇರ್ಬಾರ್ದಿತ್ತಾ?'

'ನಂಗೆ ಗೊತ್ತಾಗಿತ್ತಲ್ಲ ಗೌತಮಣ್ಣ.'

ಅಷ್ಟು ಸಣ್ಣ ಮಾತು. ಆದರೆ ನಗು ಎಲ್ಲೋ ಎಡವಿತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಪರಿಹಾರ ಹುಡುಕುವವಳಂತೆ, 'ಅಕ್ಕಾ, ಹಿಂದೆಲ್ಲ ಮಾಡ್ತಿದ್ರಲ್ಲ, ಒಳ್ಳೆ ಹೊತ್ತಲ್ಲಿ ಒಂದು ಚೀಲ ಪಕ್ಕದ ಮನೇಲಿ ಇಟ್ಟುಬಂದು, ಆಮೇಲೆ ಯಾವಾಗ ಬೇಕಾದ್ರೂ ಹೊರಡೋದು. ಹಂಗೆ ಮಾಡಿದ್ರೆ?' ಎಂದಳು.

ದೊಡ್ಡಮ್ಮ ನಿಜವಾಗಿಯೂ ಯೋಚಿಸಿದರು. 'ಪರದೇಶದಲ್ಲಿ ಯಾರ ಮನೆ ಕದ ತಟ್ಟಲೇ? ಚೀಲ ಇಟ್ಕೊಳಿ ಅಂದ್ರೆ ಪೊಲೀಸ್‌ನ ಕರೀತಾರೆ.'

ಬಸವಕಿರಣ್ ಗಂಟಲು ಸರಿಮಾಡಿಕೊಂಡ. 'ಅಂಕಲ್, ಸುಮ್ನ ಯಾಕ್ ತಲೆಬಿಸಿ? ನಮ್ಮದ್ರಾಗ ಹನ್ನೆರಡು ಐತಿ. ಕೃಷ್ಣಯ್ಯ ಅಂಕಲ್‌ಗಿಂತ ಮೂರು ಜಾಸ್ತಿ ಆಗ್ತಾವು.'

ಹನ್ನೆರಡು ಎಂಬುದು ನಡುಮನೆಯಲ್ಲಿ ಬಂದು ನಿಂತಿತು. ದೊಡ್ಡಪ್ಪ ಅದನ್ನೇ ನೋಡುತ್ತಿದ್ದುದು ರಮ್ಯಶ್ರೀಗೆ ಕಂಡಿತು. ಈ ಹೊತ್ತಿಗೆ ಎಂದಿನ ಅವಳಾದರೆ ತಂತಿ ಕಿತ್ತು, ಸುತ್ತಿ, ಮೇಲಿನ ಮನೆಗೆ ಹತ್ತಿಹೋಗಬೇಕು. ಕೈ ತಂತಿಯ ಮೇಲೇ ಇತ್ತು. ಯಾರೂ ಅವಳನ್ನು ಬಾ ಎಂದು ಕರೆದಿರಲಿಲ್ಲ. ಒಮ್ಮೆ ದೊಡ್ಡಮ್ಮ 'ನೀನೂ ಬಂದಿದ್ರೆ' ಎಂದು ಅರ್ಧಕ್ಕೇ ನಿಲ್ಲಿಸಿದ್ದರು, ಅದನ್ನು ಪೂರ್ತಿ ಮಾಡುವುದು ಅವರ ಕೈಯಲ್ಲಿರಲಿಲ್ಲ. ಹೋಗದವಳಿಗೆ ಹೋಗುವವರ ದಾರಿಯ ಮೇಲೆ ಇಷ್ಟು ಹಕ್ಕು ಎಲ್ಲಿಂದ ಬಂತೋ. ಆದರೂ ಹಕ್ಕು ಇತ್ತು, ಎದೆಯಲ್ಲಿ ಬಿಸಿಯಾಗಿ, ಮುದ್ದೆಯ ತುತ್ತಿನ ಹಾಗೆ.

'ಅವಳು ಹಾಕಿರೋ ರೈಲಾದ್ರೆ ನಾನು ಬರ್ತೀನಿ,' ಎಂದರು ದೊಡ್ಡಮ್ಮ. ಧ್ವನಿ ಏರಿಸಲಿಲ್ಲ. 'ಬಸ್ಸಾದ್ರೆ ನೀವು ಹೋಗಿ, ಹನ್ನೆರಡೇನು, ಇಪ್ಪತ್ತು ನೋಡ್ಕೊಂಡು ಬನ್ನಿ.'

ದೊಡ್ಡಪ್ಪ ಎದ್ದುಹೋಗಿ ಎಲೆಅಡಿಕೆ ಉಗಿದು ಬಂದರು. ಮತ್ತೆ ಕೂತು, ಹಟ ಬಿಡಲಾಗದೆ, ಹೆಂಡತಿಯ ಕಡೆ ನೋಡದೆ, ರಮ್ಯಶ್ರೀಯನ್ನು ಕೇಳಿದರು: 'ಅಲ್ಲಮ್ಮ, ಒಂದು ದೇಶ ಕಳ್ಕೊಂಡು ನಮಗೆ ಸಿಗೋದಾದ್ರೂ ಏನು?'

ಅದು ವ್ಯಾಪಾರಿಯ ಪ್ರಶ್ನೆ, ಆದರೆ ಪ್ರಶ್ನೆಯೇ. ಅವಳ ಹೆಸರಿಗೆ ಬಂದ ಪ್ರಶ್ನೆ. ಅವಳು ತಂತಿಯಿಂದ ಕೈ ತೆಗೆದಳು. ನಕ್ಷೆಯ ಕಡೆಗೆ ತಿರುಗದೆ, ಬೆನ್ನನ್ನು ನಕ್ಷೆಗೆ ಕೊಟ್ಟು ನಿಂತಳು.

'ಬೆಳಕು ಸಿಗುತ್ತೆ ದೊಡ್ಡಪ್ಪ. ಮೊದಲಿನ ರೈಲಲ್ಲಾದ್ರೆ ಕೊನೇ ದಾರಿಯೆಲ್ಲ ಕತ್ತಲಾಗ್ತಿತ್ತು. ಈಗ ಇಡೀ ದಿನ ಕಿಟಕಿ. ನಿಮಗೆ ಎಡಗಡೆ ಸೀಟು ತಗೋತೀನಿ. ಜ್ಯೂರಿಕ್ ಬಿಟ್ಟ ತಕ್ಷಣ ಎಡಕ್ಕೆ ಒಂದು ಕೆರೆ ಬರುತ್ತೆ, ನಮ್ಮ ಕೆರೆ ಥರ ಅಲ್ಲ, ಎಷ್ಟೋ ಹೊತ್ತು ಪಕ್ಕದಲ್ಲೇ ಬರ್ತಾ ಇರುತ್ತೆ. ಅದು ಮುಗೀತು ಅಂದ್ಕೊಳ್ಳೋಷ್ಟರಲ್ಲಿ ಇನ್ನೊಂದು. ಆ ಎರಡನೇದರ ಆಚೆ ದಡದಲ್ಲಿ ಬೆಟ್ಟ ಗೋಡೆ ಎದ್ದ ಹಾಗೆ ನಿಂತಿರುತ್ತೆ, ನೀರೊಳಗಿಂದಲೇ ಎದ್ದಿರೋ ಹಾಗೆ. ದೊಡ್ಡಮ್ಮಾ, ಆಮೇಲೆ ಒಂದು ಸಣ್ಣ ಸ್ಟೇಷನ್ನಲ್ಲಿ ರೈಲು ನಿಂತು, ಬಂದ ಕಡೆಗೇ ಹೊರಡುತ್ತೆ. ಅಂದ್ರೆ ಎಂಜಿನ್ ಈ ಕಡೆಯಿಂದ ಆ ಕಡೆಗೆ ಆಗುತ್ತೆ. ನೀವು ಹಿಂದುಮುಂದಾಗಿ ಕೂತ ಹಾಗೆ ಆಗುತ್ತೆ. ಹೆದರ್ಕೋಬೇಡಿ, ವಾಪಸ್ ಹೋಗ್ತಿಲ್ಲ.'

'ಆಮೇಲೆ?' ಎಂದರು ದೊಡ್ಡಮ್ಮ.

'ಆಮೇಲೆ ಒಂದು ಹೊಳೆ ದಾಟುತ್ತೆ. ಹೊಳೆಯಾಚೆ ಇರೋದೇ ಲೀಕ್ಟೆನ್‌ಸ್ಟೈನ್. ರೈಲು ಅದರ ಮಧ್ಯದಲ್ಲೇ ಹೋಗುತ್ತೆ, ನಿಲ್ಲಿಸಲ್ಲ.'

ದೊಡ್ಡಪ್ಪ ನೆಟ್ಟಗಾದರು. 'ಮಧ್ಯದಲ್ಲೇ ಹೋಗುತ್ತಾ? ಹಂಗಾದ್ರೆ ಲೆಕ್ಕಕ್ಕೆ ಬಂತಲ್ಲ! ಹತ್ತು ಆಯ್ತಲ್ಲ!'

ಒಪ್ಪಿಬಿಟ್ಟರೆ ಎಲ್ಲ ಸಲೀಸು. ನಡುಮನೆಯಲ್ಲಿ ಎಲ್ಲರ ಕಣ್ಣು ಅವಳ ಮೇಲಿತ್ತು. 'ಕಾಲಿಡಲ್ಲ ದೊಡ್ಡಪ್ಪ,' ಎಂದಳು. 'ಗಾಜಿನಿಂದ ನೋಡ್ತೀರಿ, ಅಷ್ಟೇ. ನಾನು ಅದನ್ನ ಲೆಕ್ಕಕ್ಕೆ ಹಾಕಿಲ್ಲ.'

ದೊಡ್ಡಪ್ಪ ಅವಳನ್ನು, ಇಷ್ಟು ದಿನ ಬಾಡಿಗೆಗೆ ಕೊಟ್ಟಿದ್ದ ಕೋಣೆಯೊಳಗೆ ಮೊದಲ ಸಲ ಇಣುಕಿದವರ ಹಾಗೆ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡರು. 'ಸರಿ ಕಣಮ್ಮ. ಕಾಲಿಡದೆ ಲೆಕ್ಕ ಹಾಕ್ಕೊಳ್ಳೋನು ನಾನಲ್ಲ. ಬೇಕಾದ್ರೆ ಆ ಕೃಷ್ಣಯ್ಯ ಹಾಕ್ಕೋತಾನೆ. ಅವನ ಒಂಬತ್ತರಲ್ಲಿ ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ದಾಟಿದ್ದೆಷ್ಟೋ, ಯಾರಿಗೆ ಗೊತ್ತು? ಬಸವಕಿರಣ್ಣಾ, ಬೇಜಾರ್ ಮಾಡ್ಕೋಬೇಡಪ್ಪ, ಇನ್ನೊಂದು ಪೀಸ್ ಹಾಕಿಸ್ಕೋ ಹೋಗು. ನಮ್ಮದು ರಮ್ಯ ಹಾಕಿರೋದೇ ಫೈನಲ್.'

'ಅಂದ್ರೆ ಈಗ ಬುಕ್ ಮಾಡ್ಬಿಡಣ,' ಎಂದು ಗೌತಮ್ ಆಕಳಿಸಿ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. 'ಸಾಕು ರಮ್ಯಾ, ಮಿಕ್ಕಿದ್ದು ಅಲ್ಲೇ ಹೋಗಿ ನೋಡ್ಕೋತಾರೆ. ಮ್ಯಾಚ್ ಹಾಕು.'

ಬೆಟ್ಟಗಳಿನ್ನೂ ಬಾಕಿಯಿದ್ದವು. ಸುರಂಗದ ಕತ್ತಲು ಮುಗಿದು ಹಸಿರು ಕಣ್ಣಿಗೆ ಅಪ್ಪಳಿಸುವ ಜಾಗ, ಮರದ ಬಾಲ್ಕನಿಗಳಲ್ಲಿ ಹೂವಿಟ್ಟ ಮನೆಗಳು, ಇನ್ಸ್‌ಬ್ರುಕ್ಕಿನಲ್ಲಿ ಬೀದಿಯ ಕೊನೆಗೇ ಬಂದು ನಿಂತ ಹಿಮದ ಬೆಟ್ಟ, ದೊಡ್ಡಮ್ಮ ಡಬ್ಬಿ ತೆಗೆದು ಚಿತ್ರಾನ್ನ ತಿನ್ನಬೇಕಾದ ಹೊತ್ತು. ಇಷ್ಟೆಲ್ಲ ತನ್ನೊಳಗಿದ್ದುದು ಹೊರಗೆ ಹೇಗೆ ಕೇಳಿಸುತ್ತದೆಂದು ಅವಳಿಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ಧ್ವನಿ ಅಷ್ಟೇನೂ ಸಣ್ಣದಾಗಿರಲಿಲ್ಲ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಯಾರೂ ಹೇಳದೆ ದೊಡ್ಡಮ್ಮನ ಪಕ್ಕ ನೆಲದ ಮೇಲೆ ಕೂತಳು. ರಮ್ಯಶ್ರೀ ಗೌತಮನ ಕೈಯನ್ನು ಲ್ಯಾಪ್‌ಟಾಪಿನ ಮೇಲಿಂದ ಮೆಲ್ಲಗೆ, ಆದರೆ ಪೂರ್ತಿಯಾಗಿ ಸರಿಸಿದಳು.

'ತಡಿಯಣ್ಣ,' ಎಂದಳು. 'ನಾವಿನ್ನೂ ವಿಯೆನ್ನಾ ತಲುಪಿಲ್ಲ.'